ಅಪ್‌ಡೇಟ್: ಪೈ ಜೊತೆ ನನ್ನ ಬೋರ್ಡ್ ಕೊನೆಗೂ ಮಾತಾಡ್ತಿದೆ

ಹೋದ ವಾರ ಕೇಳಿದ್ನಲ್ಲ, ರಾಸ್ಪ್‌ಬೆರಿ ಪೈ 3ರಲ್ಲಿ (ಪುಟಾಣಿ ಕಂಪ್ಯೂಟರ್) ಪೈಥಾನ್ ಸ್ಕ್ರಿಪ್ಟ್ ಓಡ್ಸಿ ನಾನೇ ಬೆಸುಗೆ ಹಾಕಿದ ಅಟ್‌ಮೆಗಾ328ಪಿ (ಮೈಕ್ರೋಕಂಟ್ರೋಲರ್ ಚಿಪ್) ಬೋರ್ಡ್‌ಗೆ ಸೀರಿಯಲ್ ತಂತಿ (ಒಂದೊಂದೇ ಬಿಟ್ ಸಾಲಾಗಿ ಕಳ್ಸೋದು) ಮೂಲಕ ಕಮಾಂಡ್ ಕಳ್ಸಿದ್ರೆ ವಾಪಸ್ ಬರೀ ಕಸ ಬರುತ್ತೆ ಅಂತ, ಅದು ಸರಿಹೋಯ್ತು. ತಪ್ಪು ಎರಡಿತ್ತು, ಅದಕ್ಕೇ ಒಂದನ್ನ ಸರಿ ಮಾಡಿದಾಗ್ಲೂ ಏನೂ ಬದಲಾಗ್ಲಿಲ್ಲ ಅನ್ಸಿ ಮತ್ತೆ ಹಳೇದಕ್ಕೇ ಹೋಗ್ತಿದ್ದೆ.

ಮೊದಲ್ನೇದು ನೀವು ಹೇಳಿದ್ದೇ, ಸೀರಿಯಲ್ ಕನ್ಸೋಲ್ (ಅದೇ ತಂತಿಯಿಂದ ಪೈಗೆ ಲಾಗಿನ್ ಆಗೋ ವ್ಯವಸ್ಥೆ) ಆನ್ ಇತ್ತು. ಪೈ ಪಾಪ ನನ್ನ ಚಿಪ್‌ಗೆ ಲಾಗಿನ್ ಆಗು ಅಂತ ಕೇಳ್ತಾ ಕೂತಿತ್ತು, ಚಿಪ್ ಕಳ್ಸಿದ ಉತ್ತರದಲ್ಲಿ ಅರ್ಧ ಅದೇ ನುಂಗ್ತಿತ್ತು. ರಾಸ್ಪಿ-ಕಾನ್ಫಿಗ್‌ನಲ್ಲಿ (ಪೈನ ಸೆಟ್ಟಿಂಗ್ಸ್ ಟೂಲ್) ಲಾಗಿನ್ ಶೆಲ್ ಬೇಡ, ಸೀರಿಯಲ್ ಹಾರ್ಡ್‌ವೇರ್ ಬೇಕು ಅಂತ ಕೊಟ್ಟು ರೀಬೂಟ್ ಮಾಡಿದೆ.

ಎರಡನೇದು ಬಾಡ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತೆ ಅನ್ನೋ ವೇಗ, ಎರಡೂ ಕಡೆ ಒಂದೇ ಇರ್ಬೇಕು. ಇದ್ರಲ್ಲೇ ಎರಡು ರಾತ್ರಿ ಹೋಯ್ತು. ಚಿಪ್ ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರ್‌ನಲ್ಲಿ (ಚಿಪ್‌ಗೆ ತಾಳ ಹಾಕೋ ಕ್ಲಾಕ್) 115200 ಸರಿಯಾಗಿ ಬರೋದೇ ಇಲ್ಲ, ಡಬಲ್ ಸ್ಪೀಡ್ ಮೋಡ್ ಹಾಕಿದ್ರೂ ಹತ್ರದ್ದು 111111, ಅಂದ್ರೆ 3.5% ಕಮ್ಮಿ, ಅದ್ರ ಮೇಲೆ ಆಸಿಲೇಟರ್‌ದೇ ಏರುಪೇರು ಬೇರೆ. ಆ ಕಡೆ ಪೈನ ಮಿನಿ ಯುಆರ್ಟ್ (ಸೀರಿಯಲ್ ಕೆಲಸ ಮಾಡೋ ಸರ್ಕ್ಯೂಟ್) ಕೋರ್ ಕ್ಲಾಕ್ ಜೊತೆ ಕುಣಿಯುತ್ತೆ, ಆ ಕ್ಲಾಕ್ ಬದಲಾದ್ರೆ ಬಾಡ್ ರೇಟೂ ಬದಲಾಗುತ್ತೆ. 38400ಕ್ಕೆ ಇಳಿಸಿದೆ, ಅಲ್ಲಿ ಲೆಕ್ಕದ ತಪ್ಪು ಬರೀ 0.2%. ಬ್ಲೂಟೂತ್ ನಂಗೆ ಬೇಕಿರ್ಲಿಲ್ಲ, ಅದನ್ನ ಆಫ್ ಮಾಡಿ ಅದು ಬಳಸ್ತಿದ್ದ ಒಳ್ಳೇ ಯುಆರ್ಟ್‌ನ 14, 15ನೇ ಜಿಪಿಐಒ ಪಿನ್‌ಗಳಿಗೆ ತಂದೆ.

ಚಿಪ್ ಪೈ ಥರಾನೇ 3.3 ವೋಲ್ಟ್‌ನಲ್ಲೇ ಓಡ್ತಿದೆ, ಅದಕ್ಕೇ ಲೆವೆಲ್ ಶಿಫ್ಟರ್ (ಎರಡು ಕಡೆಯ ವೋಲ್ಟೇಜ್ ಹೊಂದಿಸೋ ಸರ್ಕ್ಯೂಟ್) ಹಾಕಿಲ್ಲ.

ಈಗ ಉಳಿದಿರೋದು ಒಂದೇ ಕಿರಿಕಿರಿ, ಪೋರ್ಟ್ ಓಪನ್ ಮಾಡಿದ ತಕ್ಷಣ ಬರೋ ಮೊದಲ್ನೇ ಸಾಲು ಅರ್ಧ ಇರುತ್ತೆ. ಸದ್ಯಕ್ಕೆ ಇನ್‌ಪುಟ್ ಬಫರ್ (ಬಂದ ಡೇಟಾ ಓದೋವರೆಗೂ ಇರೋ ಜಾಗ) ಖಾಲಿ ಮಾಡಿ, ಒಂದು ಸಾಲು ಓದಿ ಬಿಸಾಕ್ತಿದೀನಿ.