ಚೂರು ಕಾಗದದ ಕಾರ್ಡ್ ಸೊಟ್ಟಗಾಗ್ತದೆ, ಏನು ಮಾಡಲಿ?

ಕೇಳಿದವರು, ಕಾರವಾರ:
ಗಿಫ್ಟ್ ಪೇಪರು, ಮಕ್ಕಳ ಕ್ರಾಫ್ಟ್ ಪೇಪರು, ಮದುವೆ ಕಾಗದದ ಹೂಬಳ್ಳಿ ಅಂಚು, ಹೀಗೆ ಚೂರುಪಾರು ಸೇರಿ ಒಂದು ರಟ್ಟಿನ ಪೆಟ್ಟಿಗೆ ತುಂಬಿದೆ. ಎಸೆಯೋಕೆ ಮನಸ್ಸಿಲ್ಲ. ಚೌತಿ ಗದ್ದಲ ಮುಗಿದ ಮೇಲೆ ಕೂತು ದೀಪಾವಳಿಗೆ ಕಾರ್ಡ್ ಮಾಡಿ ನೆಂಟರಿಗೆಲ್ಲ ಅಂಚೆಯಲ್ಲಿ ಕಳಿಸೋಣ ಅಂತ ಆಸೆ. ಆದರೆ ಬಿಳಿ ಗೋಂದು ಹಚ್ಚಿದರೆ ಕಾಗದ ಅಲೆಅಲೆ ಏಳ್ತದೆ, ಒಣಗಿದ ಮೇಲೆ ಕಾರ್ಡೇ ಸೊಟ್ಟ. ಇನ್ನೊಂದು, ಒಂದೊಂದು ಚೂರು ನೋಡಿದರೆ ಚೆಂದ, ಒಟ್ಟಿಗೆ ಅಂಟಿಸಿದರೆ ಗಜಿಬಿಜಿ. ಮಾಡಿ ಗೊತ್ತಿದ್ದವರು ಹೇಳಿ.

ಶಿರಸಿಯಿಂದ:
ಅಕ್ಕಾ, ಅಲೆ ಏಳೋದಕ್ಕೆ ಗೋಂದಿನ ನೀರೇ ಕಾರಣ. ತೆಳು ಕಾಗದ ನೀರು ಕುಡಿದು ಹಿಗ್ಗುತ್ತದೆ, ಅಡಿಯ ದಪ್ಪ ಕಾಗದ ಅಷ್ಟು ಹಿಗ್ಗೋದಿಲ್ಲ. ಒಣಗುವಾಗ ಒಂದನ್ನೊಂದು ಎಳೆದಾಡ್ತವೆ. ಅದರ ಮೇಲೆ ನಮ್ಮ ಮಳೆಗಾಲ ಬೇರೆ, ಏನೂ ಹಚ್ಚದಿದ್ದರೂ ಕಾಗದ ಮೆತ್ತಗಾಗಿರ್ತದೆ. ತೆಳು ಚೂರಿಗೆ ಗ್ಲೂ ಸ್ಟಿಕ್ಕೇ ಸರಿ. ಅಂಚಿನವರೆಗೂ ತಿಕ್ಕಿ, ಮೇಲೊಂದು ಬಿಳಿ ಹಾಳೆ ಹಾಸಿ, ದಪ್ಪ ಪುಸ್ತಕದ ಅಡಿಗೆ ರಾತ್ರಿಯಿಡೀ ಇಡಿ. ಗೋಂದೇ ಬೇಕು ಅಂದರೆ ಬೆರಳಲ್ಲಿ ಮೆತ್ತಬೇಡಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತೆಳ್ಳಗೆ ಎಳೆಯಿರಿ. ಮುಂಭಾಗಕ್ಕೆ ಪೂರ್ತಿ ಹಾಳೆ ಅಂಟಿಸಿದ್ದರೆ ಒಳಮೈಗೂ ಒಂದು ಸಾದಾ ಹಾಳೆ ಅಂಟಿಸಿ. ಎರಡೂ ಕಡೆಯಿಂದ ಎಳೆತ ಸಮನಾದರೆ ಕಾರ್ಡ್ ನೆಟ್ಟಗೆ ನಿಲ್ತದೆ.

ತಳಕ್ಕೆ 250 ಜಿಎಸ್ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ, ಕಾಗದ ತಗೊಳ್ಳಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ ಮಡಚಿದರೆ 105×148 ಮಿ.ಮೀ. ಕಾರ್ಡ್. ಕತ್ತರಿಸುವ ಮೊದಲು ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗಿತೋ ಮಡಿಕೆ ಆ ಕಡೆಗೇ ಬರಬೇಕು. ಕಾಗದದ ನಾರಿನ ಸಾಲಿಗೆ ಅಡ್ಡವಾಗಿ ಮಡಚಿದರೆ ಬೆನ್ನು ಬಿರಿಯುತ್ತದೆ. ಸ್ಕೇಲ್ ಇಟ್ಟು ಶಾಯಿ ಮುಗಿದ ಬಾಲ್‌ಪೆನ್ನಲ್ಲಿ ಗೆರೆ ಒತ್ತಿ, ಆಮೇಲೆ ಮಡಚಿ, ಚಮಚದ ಬೆನ್ನಿನಿಂದ ಉಜ್ಜಿ.

ಸಿದ್ದಾಪುರದಿಂದ:
ಮೈದಾ ಅಂಟು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡ್ತೇನೆ. ಹಿಂದೆ ಬೈಂಡಿಂಗಿನವರು ಮೈದಾ ಕುದಿಸಿ, ಹುಳ ಬೀಳಬಾರದು ಅಂತ ಮೈಲುತುತ್ತ ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೀತೇವಲ್ಲ, ಅದೇ. ತೋಟದ ಮನೆಯಲ್ಲಿ ಕೈಗೆ ಸಿಗ್ತದೆ ನಿಜ, ಆದರೆ ವಿಷ. ಮಕ್ಕಳು ಕೂತು ಮಾಡುವ ಕೆಲಸಕ್ಕೆ ಬೇಡವೇ ಬೇಡ. ಹಾಕದಿದ್ದರೆ ಬೂಷ್ಟು, ಜೊತೆಗೆ ಪುಸ್ತಕ ತಿನ್ನುವ ಹುಳ. ಒಟ್ಟಿನಲ್ಲಿ ಮೈದಾ ತಂಟೆಗೇ ಹೋಗಬೇಡಿ.

ಯಲ್ಲಾಪುರದಿಂದ:
ಗಜಿಬಿಜಿಯ ಬಗ್ಗೆ ನನ್ನದೊಂದು ಮಾತು. ಚೂರುಗಳ ತಪ್ಪಲ್ಲ ಅದು, ಖಾಲಿ ಜಾಗ ಬಿಡದೇ ಇರೋದರ ತಪ್ಪು. ನಮ್ಮ ಕಡೆ, ಹಳಿಯಾಳ, ಮುಂಡಗೋಡದಲ್ಲೂ, ಸಿದ್ದಿ ಹೆಂಗಸರು ಹಳೇ ಬಟ್ಟೆಯ ಕೌದಿ ಹೊಲಿಯೋದನ್ನ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುಸುತ್ತು ಹೊಲಿಯುತ್ತ ನಡುವಿಗೆ ಬರ್ತಾರೆ. ಮೂಲೆಗೆ ಬಟ್ಟೆಯನ್ನು ತ್ರಿಕೋನ ಮಡಚಿ ಇಡ್ತಾರೆ, ಅದಕ್ಕೆ ಫೂಲ ಅಂತಾರೆ. ಕಾರ್ಡಿಗೂ ನಾನು ಅದನ್ನೇ ಮಾಡೋದು: ಚೂರೆಲ್ಲ ಅಂಚಿಗೆ, ನಾಲ್ಕು ಮೂಲೆಗೆ ಪುಟ್ಟ ತ್ರಿಕೋನ, ನಡುವೆ ಸಾದಾ ಬಿಳಿ.

ಇದಕ್ಕಿಂತ ನನಗೆ ಹೆಚ್ಚು ಇಷ್ಟ ಕಿಂಡಿ ಕಾರ್ಡ್. ಹಳೇ ನೋಟ್‌ಬುಕ್ ಹಾಳೆಯ ಮೇಲೆ ಉದ್ದುದ್ದ ಪಟ್ಟಿಗಳನ್ನು ಒಂದಕ್ಕೊಂದು ತಾಗಿಸಿ ಅಂಟಿಸಿ, ಸಂದು ಕಾಣಬಾರದು. ಎಲ್ಲವೂ ಒಂದೇ ಅಗಲ ಇರೋದು ಬೇಡ, ಕಡ್ಡಿಯಷ್ಟು ಸಪೂರದ್ದೂ ಇರಲಿ, ಬೆರಳಗಲದ್ದೂ ಇರಲಿ. ಹೂವಿನ ಪಟ್ಟಿ ಎರಡು ಒಟ್ಟಿಗೆ ಬಂದರೆ ನಡುವೆ ಒಂದು ಒಂದೇ ಬಣ್ಣದ್ದು ಹಾಕಿ, ಕಣ್ಣಿಗೆ ಆಸರೆ ಸಿಗ್ತದೆ. ಒಣಗಿದ ಮೇಲೆ ಅದು ಚೂರಲ್ಲ, ಒಂದು ಹೊಸ ಹಾಳೆ. ಈಗ ಕಾರ್ಡಿನ ಮುಂಭಾಗದ ಒಳಮೈಯಲ್ಲಿ ಹಣತೆ ಬರೆದು ಬ್ಲೇಡಿನಿಂದ ಕೊರೆಯಿರಿ, ಪಟ್ಟಿ ಹಾಳೆಯನ್ನು ಕಿಂಡಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಹಿಂದಿನಿಂದ ಅಂಟಿಸಿ, ಅದರ ಮೇಲೆ ಸಾದಾ ಹಾಳೆ ಮುಚ್ಚಿ. ಎದುರಿನಿಂದ ಒಂದು ಹರಿದ ಅಂಚೂ ಕಾಣೋದಿಲ್ಲ. ಪಟ್ಟಿ ಓರೆಯಾಗಿ ಬಂದರೆ ಹಣತೆ ಇನ್ನೂ ಚೆಂದ. ಬಣ್ಣ ಮಾತ್ರ ಮೂರು ದಾಟಬೇಡಿ, ಪೆಟ್ಟಿಗೆಯಲ್ಲಿ ಎಷ್ಟೇ ಇದ್ದರೂ.

ಅಂಕೋಲೆಯಿಂದ, ಅಂಚೆ ಕಚೇರಿಯಲ್ಲಿದ್ದು ನಿವೃತ್ತ:
ಅಂಚೆಯಲ್ಲಿ ಕಳಿಸುವುದಾದರೆ ಮೊದಲು ಲಕೋಟೆ, ಆಮೇಲೆ ಕಾರ್ಡ್. ಶಿರಸಿಯವರು ಹೇಳಿದ ಅಳತೆಯ ಕಾರ್ಡಿಗೆ 114×162 ಮಿ.ಮೀ. ಲಕೋಟೆ, ಅಂಗಡಿಯಲ್ಲಿ ಸಿ6 ಅಂತ ಕೇಳಿ. ಸಾದಾ ಪತ್ರದ ಮೊದಲ ದರ 20 ಗ್ರಾಂವರೆಗೆ, ಮೇಲೆ ಹೋದರೆ ಹೆಚ್ಚಿಗೆ ಸ್ಟಾಂಪು. 250 ಜಿಎಸ್ಎಂ ಕಾಗದದ ನಿಮ್ಮ ಕಾರ್ಡ್ ಸುಮಾರು 8 ಗ್ರಾಂ, ಲಕೋಟೆಗೆ ಮೂರ್ನಾಲ್ಕು ಗ್ರಾಂ ಹಿಡಿಯಿರಿ. ಅಂದರೆ ಚೂರು, ಗೋಂದು, ಒಳಹಾಳೆಗೆ ಬೇಕಾದಷ್ಟು ಅವಕಾಶವಿದೆ. ಗುಂಡಿ, ಮಣಿ, ಕನ್ನಡಿ ಚೂರು ಮಾತ್ರ ಹಚ್ಚಬೇಡಿ. ಕಟ್ಟಿನಲ್ಲಿ ಬಿಗಿದಾಗ ಲಕೋಟೆ ಹರಿಯುತ್ತದೆ, ಠಸ್ಸೆ ಒತ್ತುವಾಗಲೂ ತೊಂದರೆ. ಚಿತ್ತಾರದ ಕಾಗದದಲ್ಲೇ ಲಕೋಟೆ ಮಾಡಿದರೆ ವಿಳಾಸಕ್ಕೆ ಬಿಳಿ ಚೀಟಿ ಅಂಟಿಸಿ, ಪಿನ್‌ಕೋಡ್ ದೊಡ್ಡದಾಗಿ ಬರೆಯಿರಿ. ಹೂವಿನ ಮೇಲೆ ಬರೆದ ವಿಳಾಸ ಓದೋದು ಎಂಥ ಶಿಕ್ಷೆ ಅಂತ ನಮಗೇ ಗೊತ್ತು.

ಕುಮಟೆಯಿಂದ, ಶಾಲೆಯ ಅಕ್ಕೋರು:
ಮದುವೆ ಕಾಗದ ಶಾಲೆಗೆ ರಾಶಿ ಬರ್ತದೆ, ನಮ್ಮ ಮಕ್ಕಳ ಕಾರ್ಡೆಲ್ಲ ಅದರಿಂದಲೇ. ಗಣಪತಿ ಚಿತ್ರ ಇರ್ತದಲ್ಲ, ಅದನ್ನ ಕತ್ತರಿಸೋಕೆ ಕೆಲವು ಮನೆಯವರು ಒಪ್ಪೋದಿಲ್ಲ. ಚಿತ್ರವನ್ನು ಇಡಿಯಾಗಿ ಸುತ್ತ ಬಿಡಿಸಿ ಪಾಡ್ಯದ ಕಾರ್ಡಿಗೆ ಬಳಸಿದರೆ ಎಲ್ಲರಿಗೂ ಸಮಾಧಾನ. ಚಿನ್ನದ ಬಣ್ಣದ ಅಚ್ಚಿರುವ ಅಂಚು ಮಾತ್ರ ಪಟ್ಟಿ ಮಾಡಿಟ್ಟುಕೊಳ್ಳಿ, ಯಾವ ಚೂರಿನ ಪಕ್ಕ ಇಟ್ಟರೂ ಹೊಂದ್ತದೆ. ಸಣ್ಣ ಮಕ್ಕಳಿಗೆ ಬ್ಲೇಡ್ ಕೊಡಬೇಡಿ, ಕಿಂಡಿ ನೀವೇ ಕೊರೆದುಕೊಡಿ. ಉಗುರಿನಷ್ಟು ಚೂರು ಉಳಿದರೆ ಪಂಚಿಂಗ್ ಮಷಿನ್ನಿನಲ್ಲಿ ತೂತು ಹೊಡೆಸಿ. ಬಿದ್ದ ಚುಕ್ಕಿಗಳಲ್ಲಿ ರಂಗೋಲಿ ಅಂಟಿಸೋಕೆ ಅವಕ್ಕೆ ಎಲ್ಲಿಲ್ಲದ ಖುಷಿ.

ಕೇಳಿದವರು, ಕಾರವಾರ:
ಎಲ್ಲರಿಗೂ ಧನ್ಯವಾದ. ಕಿಂಡಿಯ ಹಣತೆಯೇ ಅಂತ ಮನೆಯಲ್ಲಿ ತೀರ್ಮಾನ ಆಯ್ತು. ಒಂದೇ ಸಂಶಯ: ಮಿರಿಮಿರಿ ಗಿಫ್ಟ್ ಪೇಪರಿಗೆ ಗ್ಲೂ ಸ್ಟಿಕ್ ಹಿಡಿಯೋದೇ ಇಲ್ಲ. ಮತ್ತೆ ಈಗಲೇ ಮಾಡಿಟ್ಟರೆ ದೀಪಾವಳಿವರೆಗೆ ಉಳೀತದಾ?

ಶಿರಸಿಯಿಂದ:
ಅದರ ಮೈಗೆ ಪ್ಲಾಸ್ಟಿಕ್ ಲೇಪ ಇರ್ತದೆ ಅಕ್ಕಾ, ಗೋಂದು ಒಳಗೆ ಇಳಿಯೋದಿಲ್ಲ. ಡಬಲ್ ಸೈಡ್ ಟೇಪ್ ಹಾಕಿ. ಅದರ ಮೇಲೆ ಪೆನ್ನಿನ ಬರಹವೂ ಒರೆಸಿಹೋಗ್ತದೆ, ಬರೆಯೋದೆಲ್ಲ ಸಾದಾ ಕಾಗದದ ಮೇಲೇ ಇರಲಿ. ಪಟ್ಟಿ ಹಾಳೆ ಈಗ ಮಾಡಿಕೊಳ್ಳಿ, ಕಾರ್ಡಿಗೆ ಅಂಟಿಸೋದು ಮಳೆ ಬಿಟ್ಟ ಮೇಲೆ. ಅಲ್ಲಿವರೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ, ಮೇಲೆ ಭಾರ ಇಟ್ಟು ಮಟ್ಟಸವಾಗಿ ಮಲಗಿಸಿಡಿ.