ವಿಸಿಟ್ ವೀಸಾದಲ್ಲಿ ದುಬೈ ಮನೆಗೆಲಸ: ಹೋಗಬಹುದೇ?

ಸಾಯನ್‌ವಾಸಿ:
ಧಾರಾವಿಯಲ್ಲಿರುವ ಕಲಬುರಗಿ ಕಡೆಯ ಹೆಣ್ಣುಮಗಳು. ವಯಸ್ಸು 27, ಎಂಟನೇ ಇಯತ್ತೆವರೆಗೆ ಓದು, ಪಾಸ್‌ಪೋರ್ಟ್ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕಾದದ್ದು). ಏಜೆಂಟ್ 60,000 ರೂ. ಕೇಳುತ್ತಿದ್ದಾನೆ. ವಿಸಿಟ್ ವೀಸಾದಲ್ಲಿ ಕಳಿಸಿ, ಅಲ್ಲಿ ಇಳಿದ ಮೇಲೆ ಕೆಲಸದ ವೀಸಾ ಮಾಡಿಸುತ್ತಾನಂತೆ. ನೇರವಾಗಿ ಯಾಕೆ ಕಳಿಸಲ್ಲ?

ಕಾಗದಪತ್ರ:
ನೇರ ದಾರಿ ಅವರಿಗೆ ಮುಚ್ಚಿದೆ, ಅದಕ್ಕೆ. ಇಸಿಆರ್ ಪಾಸ್‌ಪೋರ್ಟಿನ ಮಹಿಳೆಗೆ 30 ತುಂಬದೆ ಕೊಲ್ಲಿ ದೇಶಗಳ ಕೆಲಸಕ್ಕೆ ವಲಸೆ ಅನುಮತಿ ಸಿಗದು. ತುಂಬಿದರೂ, 2016ರಿಂದ ಮನೆಗೆಲಸಕ್ಕೆ ಕಳಿಸುವ ಹಕ್ಕು ಖಾಸಗಿ ಏಜೆಂಟರಿಗಿಲ್ಲ, ಸರ್ಕಾರಿ ನೇಮಕಾತಿ ಸಂಸ್ಥೆಗಳಿಗಷ್ಟೇ. ವಿಸಿಟ್ ವೀಸಾಕ್ಕೆ ಮಾತ್ರ ಈ ಅನುಮತಿ ಬೇಡ, ರಿಟರ್ನ್ ಟಿಕೆಟ್ ಇದ್ದರಾಯಿತು. ಏಜೆಂಟ್ ನುಸುಳುವ ಸಂದು ಇದೇ.

ದುಬೈಯಲ್ಲಿ ವೀಸಾ ಬದಲಿಸಬಹುದು, ಅದು ಸುಳ್ಳಲ್ಲ. ಆದರೆ ಮಾಲೀಕ ಮನಸ್ಸು ಮಾಡಬೇಕು. ಹೀಗೆ ಹೋದರೆ ಸರ್ಕಾರದ ವಲಸೆ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಒಪ್ಪಂದವಿಲ್ಲ. ಹೇಳಿದ ಸಂಬಳ ಕೊಡದಿದ್ದರೆ ತೋರಿಸಲು ಒಂದು ಚೀಟಿಯೂ ಇಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಇಲ್ಲ. ಎರಡು ವರ್ಷಕ್ಕೆ ಅದರ ಕಂತು ಬರೀ 275 ರೂ.!

ಡೊಂಬಿವಲಿ ಲೋಕಲ್:
ಹಾಗಂತ ನಿರ್ಬಂಧವನ್ನೇ ಬೈಯಬೇಡಿ ಸರ್. ಹೆಣ್ಣುಮಕ್ಕಳನ್ನು ಹಿಂಸಿಸಿದ್ದಕ್ಕೇ ಬಂದ ನಿಯಮ ಅದು.

ಕಾಗದಪತ್ರ:
ಉದ್ದೇಶ ಒಪ್ಪುತ್ತೇನೆ. ಆದರೆ ಅದು ಹೋಗುವವರನ್ನು ತಡೆಯುತ್ತಿಲ್ಲ, ಕಾಗದ ಹಿಡಿದು ಹೋಗುವುದನ್ನು ತಡೆಯುತ್ತಿದೆ. ಯುಎಇಯ 2022ರ ಮನೆಗೆಲಸಗಾರರ ಕಾನೂನಿನಲ್ಲಿ ವಾರಕ್ಕೊಂದು ಸಂಬಳದ ರಜೆ, ದಿನಕ್ಕೆ 12 ಗಂಟೆ ವಿಶ್ರಾಂತಿ ಇದೆ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ. ಕೆಲಸದ ಪರ್ಮಿಟ್ ಇಲ್ಲದವರು ಇದನ್ನು ಕೇಳಲು ಹೋದರೆ ಮೊದಲು ಸಿಕ್ಕಿಬೀಳುವುದು ತಾವೇ. ವೀಸಾ ಅವಧಿ ಮುಗಿದರೆ ದಿನಕ್ಕೆ 50 ದಿರ್ಹಂ ದಂಡ ಬೇರೆ. ಮಾಲೀಕನಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ.

ಮಾಟುಂಗಾ ಅಕ್ಕ:
60,000 ಕೇಳಿದಾಗಲೇ ಗೊತ್ತಾಗಬೇಕಿತ್ತು. ನೋಂದಾಯಿತ ಏಜೆಂಟ್ ಪಡೆಯಬಹುದಾದದ್ದು ಗರಿಷ್ಠ 30,000, ಶೇ. 18 ಜಿಎಸ್‌ಟಿ ಸೇರಿ 35,400 ರೂ., ಅದೂ ರಸೀದಿ ಕೊಟ್ಟು. ಅವನ ನೋಂದಣಿ ಸಂಖ್ಯೆ ಕೇಳಿ ಇ-ಮೈಗ್ರೇಟ್‌ನಲ್ಲಿ ಹುಡುಕಿ.

ನಿಧಾನವಾದರೂ ಸರಿಯಾದ ದಾರಿ ಒಂದಿದೆ. ಎನ್‌ಐಒಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಹತ್ತನೇ ಪರೀಕ್ಷೆ ಕಟ್ಟಿಸಿ. ಪಾಸಾದ ಮೇಲೆ ಅಂಕಪಟ್ಟಿ ಇಟ್ಟು ಪಾಸ್‌ಪೋರ್ಟ್ ರೀ-ಇಶ್ಯೂಗೆ ಹಾಕಿದರೆ ಇಸಿಆರ್ ಹೋಗುತ್ತದೆ, ಜತೆಗೆ 30ರ ಷರತ್ತೂ. ಆದರೆ ಆಗ ಆ 10 ಲಕ್ಷದ ವಿಮೆಯೂ ಕಡ್ಡಾಯವಾಗಿರುವುದಿಲ್ಲ. ಸಂಬಳ, ರಜೆ, ಮಾಲೀಕನ ಹೆಸರು ಬರೆದ ಒಪ್ಪಂದದ ಪ್ರತಿ, ಕೆಲಸದ ಎಂಟ್ರಿ ಪರ್ಮಿಟ್ ಎರಡೂ ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ. ಎರಡರ ಫೋಟೊ ತೆಗೆದು ಮನೆಯವರ ಮೊಬೈಲಿನಲ್ಲಿಡಿ.