ಸಹಾಯ ಬೇಕು: ಕೋನ್ ಸ್ನೇಲ್ ವಿಷಕ್ಕೆ ಸಿಕ್ಕ ಮೀನು ಯಾಕೆ ತಪ್ಪಿಸ್ಕೊಳ್ಳಲ್ಲ?

ಎಲ್ರಿಗೂ ನಮಸ್ಕಾರ, ಎಂಎಸ್ಸಿ ಝೂವಾಲಜಿ, ಸೋಮವಾರ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಾಕೊಂಡಿದೀನಿ. ಕೋನಸ್ ಜಿಯೋಗ್ರಾಫಸ್ ಅನ್ನೋ ಕೋನ್ ಸ್ನೇಲ್ (ವಿಷದಿಂದ ಮೀನು ಹಿಡಿಯೋ ಸಮುದ್ರದ ಬಸವನಹುಳು) ವಿಷದಲ್ಲಿ ಮೀನಿನದೇ ಥರದ ಇನ್ಸುಲಿನ್ ಇದೆ, ಅದ್ರಿಂದ ಮೀನಿನ ಸಕ್ಕರೆ ಇಳಿದು ಮಂಕಾಗುತ್ತೆ ಅಂತ 2015ರ ಪೇಪರ್‌ನಲ್ಲಿದೆ, ಝೀಬ್ರಾಫಿಶ್ ಮರಿಗಳ ಓಡಾಟ ಕಮ್ಮಿ ಆಗಿದ್ದನ್ನೂ ಅಳೆದಿದಾರೆ. ಇನ್ನೊಂದು ಕೋನ್ ಸ್ನೇಲ್ ಕೋನಸ್ ಪರ್ಪುರಾಸೆನ್ಸ್ ಕಥೆ ಬೇರೆ, ಚುಚ್ಚಿ ನರದ ಪೊಟ್ಯಾಸಿಯಂ ಚಾನೆಲ್ (ಅಯಾನು ಓಡಾಡೋ ದಾರಿ) ಮುಚ್ಚಿ, ಸೋಡಿಯಂ ಚಾನೆಲ್ ಮುಚ್ಚೋಕೇ ಬಿಡದೆ ಮೀನನ್ನ ಕ್ಷಣದಲ್ಲಿ ಸೆಟೆಸಿಬಿಡುತ್ತೆ (ಅಬ್ಬಾ!), ಅದು ಅರ್ಥ ಆಯ್ತು.

ನನ್ನ ಡೌಟು ಇನ್ಸುಲಿನ್ ಬಗ್ಗೆ. ಗಾಬರಿಯಾದಾಗ ಮೀನು ಮೈನ ಸಿ ಆಕಾರಕ್ಕೆ ಬಗ್ಗಿಸಿ ಚಿಮ್ಮುತ್ತಲ್ಲ, ಮಿದುಳಿನ ಮೌತ್ನರ್ ನರಕೋಶ ಶುರುಮಾಡೋದು, ಆ ರಿಫ್ಲೆಕ್ಸೇ ಹೋಗುತ್ತಾ ಇಲ್ಲಾ ಬರೀ ಸುಸ್ತಾಗುತ್ತಾ? ಈಜಿದ ದೂರ ಅಳೆದು ಅದನ್ನೇ ಎಸ್ಕೇಪ್ ಅನ್ಬಹುದಾ? ಝೀಬ್ರಾಫಿಶ್ ಲ್ಯಾಬಲ್ಲಿ ಇರೋರು ಯಾರಾದ್ರೂ ಹೇಳ್ರಪ್ಪ, ಗೈಡ್ ಇದನ್ನೇ ಕೇಳೋದು ಗ್ಯಾರಂಟಿ.